ಜಾನ್ಸನ್ ಎಂಬ ಹೆಸರೂ ಪೌರತ್ವದ ಪ್ರಶ್ನೆಯೂ

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಅಮೆರಿಕದ ಜನಗಣತಿಯಲ್ಲಿ ಸ್ಮಿತ್ ಎಂಬುದನ್ನು ಬಿಟ್ಟರೆ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಜಾನ್ಸನ್. ಆದ್ದರಿಂದ ಆ ದೇಶದ ರಾಜಕೀಯ ಚರಿತ್ರೆಯನ್ನು ಓದುವವರಿಗೆ ಜಾನ್ಸನ್ನರು ಎಲ್ಲೆಡೆ ಎದುರಾಗುತ್ತಾರೆ. ಇಬ್ಬರು ರಾಷ್ಟ್ರಾಧ್ಯಕ್ಷರು, ಆ ಇಬ್ಬರನ್ನೂ ಸೇರಿಸಿ ಮೂವರು ಉಪಾಧ್ಯಕ್ಷರು, ಸೆನೆಟರುಗಳು, ಗವರ್ನರುಗಳು, ನ್ಯಾಯಾಧೀಶರು, ರಾಯಭಾರಿಗಳು ಈ ಹೆಸರಿನವರಿದ್ದಾರೆ. ಅಧ್ಯಕ್ಷರಾದ ಇಬ್ಬರಿಗೂ ಪರಸ್ಪರ ರಕ್ತಸಂಬಂಧವಿಲ್ಲ. ಹೆಸರು ಒಂದೇ ಎಂಬ ಕಾರಣಕ್ಕೆ ಇವರನ್ನೆಲ್ಲ ಒಂದು ಉಪನ್ಯಾಸದೊಳಗೆ ತರುವುದು ಸರಿಯೇ ಎಂದು ನೀವು ಕೇಳಬಹುದು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರುಗಳಲ್ಲಿ ಬಾಳಿದ ಈ ಜನರ ಮುಂದೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದು ನಿಂತದ್ದೇ ನನ್ನ ಉತ್ತರ. ಅಮೆರಿಕದ ನೆಲದಲ್ಲಿ ಬದುಕುವ ಮನುಷ್ಯನೊಬ್ಬನ ಮಾನ, ಮನೆ, ಮತ ಇವೆಲ್ಲ ಉಳ್ಳವರ ಹಂಗಿನಿಂದ ದೊರೆಯಬೇಕಾದವೋ, ಕಾನೂನು ಕೊಟ್ಟ ಹಕ್ಕಿನಿಂದ ದೊರೆಯಬೇಕಾದವೋ ಎಂಬುದೇ ಆ ಪ್ರಶ್ನೆ. ಜಾನ್ಸನ್ನರು ಅದಕ್ಕೆ ಕೊಟ್ಟ ಉತ್ತರಗಳು ಒಂದಕ್ಕೊಂದು ತೀರ ವಿರುದ್ಧವಾಗಿವೆ.

ಮೊದಲಿಗೆ ಕೆಂಟಕಿಯ ರಿಚರ್ಡ್ ಮೆಂಟರ್ ಜಾನ್ಸನ್ ಅವರನ್ನು ನೋಡೋಣ. 1813ರ ಥೇಮ್ಸ್ ಕದನದಲ್ಲಿ ಮೂಲನಿವಾಸಿಗಳ ಮಹಾನಾಯಕ ಟೆಕಮ್ಸೆಯನ್ನು ಕೊಂದವರು ಇವರೇ ಎಂಬ ಮಾತು ಹಬ್ಬಿ, ಆ ಖ್ಯಾತಿಯ ಮೇಲೆ ಇವರ ರಾಜಕೀಯ ಬೆಳೆಯಿತು. ಆದರೆ ನನಗೆ ಮುಖ್ಯವೆನಿಸುವುದು ಅವರ ಮನೆಯ ಕಥೆ. ಜೂಲಿಯಾ ಚಿನ್ ಎಂಬ ಗುಲಾಮ ಮಹಿಳೆಯನ್ನು ಅವರು ಹೆಂಡತಿಯೆಂದೇ ನಡೆಸಿಕೊಂಡರು. ಅವರು ವಾಷಿಂಗ್ಟನ್ನಿನಲ್ಲಿರುವಾಗ ಜಮೀನು, ಮನೆ, ಲೆಕ್ಕಪತ್ರ ಎಲ್ಲವನ್ನೂ ಜೂಲಿಯಾ ನೋಡಿಕೊಳ್ಳುತ್ತಿದ್ದರು. ಇಮೊಜೀನ್ ಮತ್ತು ಆಡಲೀನ್ ಎಂಬ ಇಬ್ಬರು ಹೆಣ್ಣುಮಕ್ಕಳಿಗೆ ತಂದೆ ತಮ್ಮ ಹೆಸರು ಕೊಟ್ಟರು, ಓದು ಕಲಿಸಿದರು, ಆಸ್ತಿ ಕೊಟ್ಟು ಮದುವೆ ಮಾಡಿದರು. ಇಷ್ಟೆಲ್ಲ ಮಾಡಿದವರು ಜೂಲಿಯಾರನ್ನು ಗುಲಾಮಗಿರಿಯಿಂದ ಬಿಡುಗಡೆ ಮಾತ್ರ ಮಾಡಲಿಲ್ಲ. 1833ರಲ್ಲಿ ಕಾಲರಾ ತಗುಲಿ ಸತ್ತಾಗಲೂ ಆಕೆ ಕಾನೂನಿನ ಕಣ್ಣಿನಲ್ಲಿ ಗಂಡನ ಸೊತ್ತಾಗಿಯೇ ಇದ್ದರು. ಬಳಿಕ ಅದೇ ಮನೆಯಲ್ಲಿದ್ದ ಇನ್ನೊಬ್ಬ ಗುಲಾಮ ಹೆಣ್ಣು ತಪ್ಪಿಸಿಕೊಂಡು ಓಡಿದಾಗ ಆಕೆಯನ್ನು ಹಿಡಿಸಿ ತಂದು ಮಾರಿದವರೂ ಇದೇ ರಿಚರ್ಡ್ ಜಾನ್ಸನ್.

1836ರ ಚುನಾವಣೆಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ ರಾಜ್ಯದ ಪರವಾಗಿ ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸುವ ವರ್ಜೀನಿಯಾದ 23 ಮಂದಿ ಮತದಾರ ಪ್ರತಿನಿಧಿಗಳು ಈ ಸಂಸಾರದ ಕಾರಣಕ್ಕೆ ಅವರಿಗೆ ಮತ ಹಾಕಲು ಒಪ್ಪಲಿಲ್ಲ. ಬೇಕಾದ ಬಹುಮತಕ್ಕೆ ಒಂದು ಮತ ಕಡಿಮೆಯಾಗಿ ಆಯ್ಕೆ ಸೆನೆಟ್ಟಿಗೆ ಹೋಯಿತು. ಸೆನೆಟ್ 33ಕ್ಕೆ 16 ಮತಗಳಿಂದ ಅವರನ್ನು ಆರಿಸಿತು. ಅಮೆರಿಕದಲ್ಲಿ ಸೆನೆಟ್ಟಿನಿಂದ ಆಯ್ಕೆಯಾದ ಉಪಾಧ್ಯಕ್ಷರು ಇವರೊಬ್ಬರೇ. 1850ರಲ್ಲಿ ಅವರು ತೀರಿಕೊಂಡಾಗ, ಮಗಳು ಇಮೊಜೀನ್ ಬದುಕಿದ್ದರೂ, ಮೃತರಿಗೆ ಹೆಂಡತಿಯೂ ಇಲ್ಲ ಮಕ್ಕಳೂ ಇಲ್ಲ ಎಂದು ನ್ಯಾಯಾಲಯ ದಾಖಲಿಸಿತು. ಉಳಿದ ಆಸ್ತಿ ಅಣ್ಣತಮ್ಮಂದಿರ ಪಾಲಾಯಿತು. ತಂದೆಯ ಪ್ರೀತಿ ಸುಳ್ಳಾಗಿರಲಿಲ್ಲವೆಂದೇ ನಾನು ನಂಬುತ್ತೇನೆ. ಆ ಪ್ರೀತಿಯ ಬೆನ್ನಿಗೆ ಕಾನೂನು ಇಲ್ಲದ್ದರಿಂದ ತಂದೆ ಕಣ್ಣುಮುಚ್ಚಿದ ಕೂಡಲೇ ಮಗಳು ಯಾರಿಗೂ ಮಗಳಲ್ಲವಾದರು.

ಎರಡನೆಯವರು ಮೇರಿಲ್ಯಾಂಡಿನ ರೆವರ್ಡಿ ಜಾನ್ಸನ್, ತಮ್ಮ ಕಾಲದ ಹೆಸರಾಂತ ವಕೀಲರು, ಅಧ್ಯಕ್ಷ ಟೇಲರ್ ಸಂಪುಟದಲ್ಲಿ ಅಟಾರ್ನಿ ಜನರಲ್ ಆಗಿದ್ದವರು. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗಾಗಿ ಹೂಡಿದ ಮೊಕದ್ದಮೆಯಲ್ಲಿ ಒಡೆಯನ ಪರವಾಗಿ ವಾದಿಸಿದವರಲ್ಲಿ ಇವರೂ ಒಬ್ಬರು. ಆಫ್ರಿಕಾ ಮೂಲದವರು, ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಅಮೆರಿಕದ ಪೌರರಾಗಲಾರರು ಎಂದು 1857ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ವೈಯಕ್ತಿಕವಾಗಿ ಗುಲಾಮಗಿರಿಯನ್ನು ಮೆಚ್ಚದ ರೆವರ್ಡಿ ಜಾನ್ಸನ್, ಮುಂದೆ ಸೆನೆಟರಾಗಿ, ಅದನ್ನು ಕೊನೆಗಾಣಿಸುವ 13ನೆಯ ತಿದ್ದುಪಡಿಯನ್ನು ಬೆಂಬಲಿಸಿದರು. ಅವರ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

ಇನ್ನು ಆಂಡ್ರ್ಯೂ ಜಾನ್ಸನ್. ಇವರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಪ್ರಶ್ನೆ ತನ್ನ ಪೂರ್ಣ ರೂಪದಲ್ಲಿ ಎದುರಾದದ್ದು ಇವರಿಗೇ. 1808ರ ಡಿಸೆಂಬರ್ 29ರಂದು ಉತ್ತರ ಕೆರೊಲಿನಾದ ರಾಲಿಯಲ್ಲಿ ಕಡುಬಡವರ ಮನೆಯಲ್ಲಿ ಹುಟ್ಟಿದ ಅವರು ಮೂರು ವರ್ಷದವರಿದ್ದಾಗ ತಂದೆಯನ್ನು ಕಳೆದುಕೊಂಡರು. ತಾಯಿ ಮಗನನ್ನು ಕರಾರಿನ ಮೇಲೆ ದರ್ಜಿಯೊಬ್ಬನ ಅಂಗಡಿಗೆ ಸೇರಿಸಿದರು. ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. 1824ರಲ್ಲಿ ಅಣ್ಣನೊಂದಿಗೆ ಆ ಅಂಗಡಿಯಿಂದ ಓಡಿಹೋದಾಗ, ಹುಡುಗರನ್ನು ಹಿಡಿದು ತಂದವರಿಗೆ 10 ಡಾಲರ್ ಬಹುಮಾನ ಎಂದು ಒಡೆಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಅದೇ ಪತ್ರಿಕೆಗಳಲ್ಲಿ ಓಡಿಹೋದ ಗುಲಾಮರಿಗಾಗಿಯೂ ಇಂಥವೇ ಜಾಹೀರಾತುಗಳು ಬರುತ್ತಿದ್ದ ಕಾಲ ಅದು. ಟೆನೆಸಿಯ ಗ್ರೀನ್‌ವಿಲ್ ಊರಿನಲ್ಲಿ ನೆಲೆನಿಂತು, ಹೊಲಿಗೆಯಂಗಡಿ ತೆರೆದು, ಹೆಂಡತಿ ಎಲೈಝಾ ಅವರ ನೆರವಿನಿಂದ ಬರೆಹ ಮತ್ತು ಲೆಕ್ಕ ತಿದ್ದಿಕೊಂಡು, ಊರಿನ ಮೇಯರ್, ರಾಜ್ಯ ಶಾಸಕ, ಪ್ರತಿನಿಧಿ ಸಭೆಯ ಸದಸ್ಯ, ಗವರ್ನರ್, ಸೆನೆಟರ್ ಹೀಗೆ ಒಂದೊಂದೇ ಮೆಟ್ಟಿಲೇರಿದ ಬದುಕು ಅವರದು. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೊರನಡೆದಾಗ ಆ ರಾಜ್ಯಗಳ ಸೆನೆಟರುಗಳ ಪೈಕಿ ಸ್ಥಾನ ಬಿಡದೆ ಉಳಿದವರು ಇವರೊಬ್ಬರೇ. ಅಂಥ ಧೈರ್ಯ ಅಂದು ಪ್ರಾಣಕ್ಕೇ ಸಂಚಕಾರ ತರುವಂಥದ್ದಾಗಿತ್ತು. ಅದಕ್ಕಾಗಿ ಅವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಯೇ ಮುಂದಿನದನ್ನು ಹೇಳುತ್ತೇನೆ.

1864ರ ಅಕ್ಟೋಬರ್‌ನಲ್ಲಿ, ಟೆನೆಸಿಯ ಸೈನಿಕ ಗವರ್ನರಾಗಿದ್ದಾಗ, ನ್ಯಾಶ್‌ವಿಲ್‌ನಲ್ಲಿ ನೆರೆದಿದ್ದ ಕಪ್ಪು ಜನರ ದೊಡ್ಡ ಗುಂಪಿನ ಮುಂದೆ ನಿಂತು, ನಾನೇ ನಿಮ್ಮ ಮೋಸೆಯಾಗಿ ನಿಮ್ಮನ್ನು ಸ್ವಾತಂತ್ರ್ಯದ ಕಡೆಗೆ ನಡೆಸುತ್ತೇನೆ ಎಂದು, ತನ್ನ ಜನರನ್ನು ದಾಸ್ಯದಿಂದ ಬಿಡಿಸಿದ ಬೈಬಲ್ಲಿನ ನಾಯಕನನ್ನು ನೆನೆದು, ಅವರು ಮಾತು ಕೊಟ್ಟಿದ್ದರು. 1865ರ ಏಪ್ರಿಲ್ 15ರಂದು ಲಿಂಕನ್ ಗುಂಡೇಟಿನಿಂದ ತೀರಿಕೊಂಡಾಗ, ಉಪಾಧ್ಯಕ್ಷರಾಗಿ ಆರು ವಾರವಷ್ಟೇ ಕಳೆದಿದ್ದ ಆಂಡ್ರ್ಯೂ ಜಾನ್ಸನ್ ಅಧ್ಯಕ್ಷರಾದರು. ಬಿಡುಗಡೆಗೊಂಡ ಸುಮಾರು 40 ಲಕ್ಷ ಜನರ ಗತಿಯೇನು ಎಂಬುದು ಈಗ ಅವರ ಮೇಜಿನ ಮೇಲೆ ಬಂದಿತ್ತು.

1866ರ ಫೆಬ್ರವರಿ 7ರಂದು ಫ್ರೆಡ್ರಿಕ್ ಡಗ್ಲಸ್ ಮುಂತಾದ ಕಪ್ಪು ನಾಯಕರ ನಿಯೋಗ ಅಧ್ಯಕ್ಷರ ಭವನಕ್ಕೆ ಬಂದು ಮತದಾನದ ಹಕ್ಕು ಬೇಕೆಂದು ಕೇಳಿತು. ಜಾನ್ಸನ್ ಅದಕ್ಕೆ ಕೊಟ್ಟ ಉತ್ತರವನ್ನು ಗಮನವಿಟ್ಟು ನೋಡಬೇಕು. ತಾವು ಗುಲಾಮರನ್ನು ಕೊಂಡದ್ದುಂಟು, ಒಬ್ಬರನ್ನೂ ಮಾರಿಲ್ಲ, ಹಾಗೆ ನೋಡಿದರೆ ತಾವೇ ಅವರ ಗುಲಾಮರಂತೆ ದುಡಿದದ್ದು ಎಂಬರ್ಥದಲ್ಲಿ ಅವರು ಮಾತನಾಡಿದರು. ಮತದ ಹಕ್ಕು ಕೊಟ್ಟರೆ ಜನಾಂಗಗಳ ನಡುವೆ ಯುದ್ಧವೇ ಆದೀತು ಎಂದರು. ಬಂದವರು ಕೇಳಿದ್ದು ಹಕ್ಕನ್ನು, ಇವರು ಹೇಳಿಕೊಂಡದ್ದು ತಮ್ಮ ಒಳ್ಳೆಯತನವನ್ನು.

ಅದಾದ ಮುಂದಿನ ತಿಂಗಳು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ನಾಗರಿಕ ಹಕ್ಕುಗಳ ಮಸೂದೆಯನ್ನು ಅಂಗೀಕರಿಸಿ ಅವರಿಗೆ ಕಳಿಸಿತು. ಅಮೆರಿಕದಲ್ಲಿ ಹುಟ್ಟಿದವರು, ತೆರಿಗೆಗೊಳಪಡದ ಮೂಲನಿವಾಸಿಗಳಂಥ ಕೆಲವರನ್ನು ಬಿಟ್ಟು, ಎಲ್ಲರೂ ಪೌರರು. ಬಣ್ಣ ಯಾವುದೇ ಇರಲಿ, ಕರಾರು ಮಾಡಿಕೊಳ್ಳಲು, ದಾವೆ ಹೂಡಲು, ಸಾಕ್ಷಿ ನುಡಿಯಲು, ಆಸ್ತಿ ಕೊಳ್ಳಲು ಮತ್ತು ಮಾರಲು ಬಿಳಿಯರಿಗಿರುವಷ್ಟೇ ಹಕ್ಕು ಅವರಿಗಿದೆ ಎಂಬುದು ಅದರ ತಿರುಳು. ಮತದಾನದ ಮಾತೇ ಅದರಲ್ಲಿರಲಿಲ್ಲ. ಮಾರ್ಚ್ 27ರಂದು ಜಾನ್ಸನ್ ಅದನ್ನು ವೀಟೊ ಮಾಡಿದರು. ಇದೀಗ ತಾನೇ ಗುಲಾಮಗಿರಿಯಿಂದ ಹೊರಬಂದ 40 ಲಕ್ಷ ಜನರಿಗೆ ಪೌರರಾಗುವ ಅರ್ಹತೆ ಇದೆಯೇ ಎಂದು ಅವರ ಸಂದೇಶ ಕೇಳುತ್ತದೆ. ಪೆಸಿಫಿಕ್ ತೀರದ ಚೀನೀಯರೂ ಈ ಮಸೂದೆಯಿಂದ ಪೌರರಾಗಿಬಿಡುತ್ತಾರೆ ಎಂದು ಎಚ್ಚರಿಸುತ್ತದೆ. ಜನಾಂಗದ ಭೇದವನ್ನು ಈ ಮಸೂದೆ ಕಪ್ಪು ಜನರ ಪರವಾಗಿ, ಬಿಳಿಯರ ವಿರುದ್ಧವಾಗಿ ಬಳಸುತ್ತಿದೆ ಎಂದು ದೂರುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಷ್ಟು ಅಧಿಕಾರ ಕಪ್ಪು ಮನುಷ್ಯನಿಗೆ ಸಿಕ್ಕಿದರೆ ಬಿಳಿಯನಿಗೆ ಅನ್ಯಾಯವಾಯಿತು ಎಂದು ಭಾವಿಸುವ ಮನಸ್ಸು ಅದು. ಇಂದಿಗೂ ಆ ಸಂದೇಶವನ್ನು ಓದುವಾಗ ಸಂಕಟವಾಗುತ್ತದೆ.

ಕಾಂಗ್ರೆಸ್ ಮಣಿಯಲಿಲ್ಲ. ಸೆನೆಟ್ 33ಕ್ಕೆ 15 ಮತಗಳಿಂದಲೂ ಏಪ್ರಿಲ್ 9ರಂದು ಪ್ರತಿನಿಧಿ ಸಭೆ 122ಕ್ಕೆ 41 ಮತಗಳಿಂದಲೂ ವೀಟೊವನ್ನು ತಳ್ಳಿಹಾಕಿದವು. ಅಧ್ಯಕ್ಷರ ವೀಟೊ ಮೀರಿ ಜಾರಿಗೆ ಬಂದ ಮೊದಲ ಮಹತ್ವದ ಕಾಯಿದೆ ಇದು. ಮುಂದೆ ಬಂದವರು ಇದನ್ನು ಸುಲಭವಾಗಿ ಅಳಿಸದಿರಲೆಂದು ಅದರ ಪೌರತ್ವದ ತತ್ವವನ್ನು 14ನೆಯ ತಿದ್ದುಪಡಿಯಾಗಿ ಸಂವಿಧಾನದೊಳಗೇ ಸೇರಿಸಲಾಯಿತು. ಅದನ್ನೂ ಜಾನ್ಸನ್ ವಿರೋಧಿಸಿದರು.

ಅವರದೇ ಊರಿನ ಇನ್ನೊಬ್ಬ ಜಾನ್ಸನ್ ಅವರನ್ನು ಇಲ್ಲಿ ನೆನೆಯಲೇಬೇಕು. ಆಂಡ್ರ್ಯೂ ಜಾನ್ಸನ್ ಕೊಂಡಿದ್ದ ಗುಲಾಮರಲ್ಲಿ ಸ್ಯಾಮ್ ಎಂಬವರೊಬ್ಬರು. ಬಿಡುಗಡೆಯಾದ ಅನೇಕ ಜನ ಒಡೆಯರ ಮನೆತನದ ಹೆಸರನ್ನೇ ಇಟ್ಟುಕೊಂಡಂತೆ ಅವರೂ ಸ್ಯಾಮ್ ಜಾನ್ಸನ್ ಆದರು. ವಿಮುಕ್ತರ ನೆರವಿಗೆಂದು ಸ್ಥಾಪಿತವಾದ ಫ್ರೀಡ್‌ಮನ್ಸ್ ಬ್ಯೂರೋದ ಕೆಲಸದಲ್ಲಿ ಗ್ರೀನ್‌ವಿಲ್‌ನಲ್ಲಿ ಅವರು ಹೊಣೆ ಹೊತ್ತಿದ್ದರು. ಆ ಬ್ಯೂರೋದ ಅಧಿಕಾರವನ್ನು ವಿಸ್ತರಿಸುವ ಮಸೂದೆಯನ್ನು ಅಧ್ಯಕ್ಷರು ವೀಟೊ ಮಾಡಿದ್ದು ನಿಮಗೆ ತಿಳಿದಿರಲಿ. 1867ರಲ್ಲಿ ಸ್ಯಾಮ್ ಜಾನ್ಸನ್ ತಮ್ಮ ಹಳೆಯ ಒಡೆಯರಿಗೆ ಪತ್ರ ಬರೆದು, ತಮ್ಮವರಿಗೆ ಶಾಲೆ ಮತ್ತು ಚರ್ಚು ಕಟ್ಟಿಕೊಳ್ಳಲು ಒಂದು ಎಕರೆ ನೆಲವನ್ನು ಕ್ರಯಕ್ಕೆ ಕೊಡಿ ಎಂದು ಕೇಳಿದರು. ಅಧ್ಯಕ್ಷರು ಹಣವೇ ಬೇಡ, ಹಾಗೆಯೇ ಕೊಡುತ್ತೇನೆ ಎಂದರು. ನೆಲ ಕೊಳ್ಳುವ ಹಕ್ಕು ಕಪ್ಪು ಜನರಿಗೆಲ್ಲ ಇದೆ ಎನ್ನುವ ಮಸೂದೆಗೆ ಸಹಿ ಹಾಕದ ಕೈ, ತನಗೆ ಗೊತ್ತಿದ್ದ ಒಬ್ಬ ಕಪ್ಪು ಮನುಷ್ಯನಿಗೆ ನೆಲವನ್ನು ಉಚಿತವಾಗಿ ಕೊಡಲು ಹಿಂಜರಿಯಲಿಲ್ಲ. ಸ್ಯಾಮ್ ಕೇಳಿದ್ದು ದಾನವನ್ನಲ್ಲ, ಕ್ರಯವನ್ನು ಎಂಬುದು ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ನಿಂತಿರುವ ವಿಷಯ.

ಮಹಾಭಿಯೋಗದ, ಎಂದರೆ ಅಧ್ಯಕ್ಷರನ್ನು ಪದವಿಯಿಂದ ಇಳಿಸಲು ಕಾಂಗ್ರೆಸ್ ನಡೆಸಿದ ವಿಚಾರಣೆಯ, ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವುದರಿಂದ ಬೇಗ ದಾಟುತ್ತೇನೆ. ಯುದ್ಧ ಕಾರ್ಯದರ್ಶಿ ಸ್ಟಾಂಟನ್ ಅವರನ್ನು ವಜಾ ಮಾಡಿದ್ದಕ್ಕಾಗಿ 1868ರ ಫೆಬ್ರವರಿ 24ರಂದು ಪ್ರತಿನಿಧಿ ಸಭೆ 126ಕ್ಕೆ 47 ಮತಗಳಿಂದ ಅಧ್ಯಕ್ಷರ ಮೇಲೆ ದೋಷಾರೋಪ ಹೊರಿಸಿತು. ಸೆನೆಟ್ಟಿನಲ್ಲಿ 35 ಮಂದಿ ತಪ್ಪಿತಸ್ಥರೆಂದರು, 19 ಮಂದಿ ಅಲ್ಲವೆಂದರು. ಮೂರನೆಯ ಎರಡು ಬಹುಮತಕ್ಕೆ ಒಂದು ಮತ ಸಾಲದೆ ಅವರು ಉಳಿದರು. ಹಾಗೆ ಅಲ್ಲವೆಂದ 19 ಮಂದಿಯಲ್ಲಿ ರೆವರ್ಡಿ ಜಾನ್ಸನ್ ಒಬ್ಬರು. ಅದೇ ವರ್ಷ ಅಧ್ಯಕ್ಷರು ಅವರನ್ನು ಬ್ರಿಟನ್ನಿಗೆ ರಾಯಭಾರಿಯಾಗಿ ಕಳಿಸಿದರು. ಆಂಡ್ರ್ಯೂ ಜಾನ್ಸನ್ 1875ರಲ್ಲಿ ಮತ್ತೆ ಸೆನೆಟರಾಗಿ ಆಯ್ಕೆಯಾಗಿ, ಆ ವರ್ಷದ ಜುಲೈ 31ರಂದು ತೀರಿಕೊಂಡರು. ರಾಷ್ಟ್ರಧ್ವಜ ಸುತ್ತಿ, ತಲೆಯ ಅಡಿಯಲ್ಲಿ ಸಂವಿಧಾನದ ಪ್ರತಿ ಇಟ್ಟು ಅವರನ್ನು ಮಣ್ಣು ಮಾಡಲಾಯಿತು. ಆ ವೇಳೆಗೆ ಅವರು ಬೇಡವೆಂದ ತಿದ್ದುಪಡಿಯೂ ಅದೇ ಸಂವಿಧಾನದ ಭಾಗವಾಗಿತ್ತು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೂವರು ಜಾನ್ಸನ್ನರು ಒಂದೇ ಕಾಲದಲ್ಲಿ ಸಾರ್ವಜನಿಕ ಜೀವನದಲ್ಲಿದ್ದರು. ಜೇಮ್ಸ್ ವೆಲ್ಡನ್ ಜಾನ್ಸನ್ ಕಪ್ಪು ಜನಾಂಗದವರು. ವೆನೆಜುವೆಲಾದಲ್ಲೂ ಅನಂತರ ನಿಕರಾಗುವಾದಲ್ಲೂ ಅಮೆರಿಕದ ಕಾನ್ಸಲ್ ಆಗಿದ್ದು, ಬಳಿಕ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ರಾಷ್ಟ್ರೀಯ ಸಂಘವನ್ನು 1920ರಿಂದ ಹತ್ತು ವರ್ಷ ನಡೆಸಿದರು. ಜನರ ಗುಂಪು ಕಾನೂನನ್ನು ಕೈಗೆತ್ತಿಕೊಂಡು ಕಪ್ಪು ಮನುಷ್ಯರನ್ನು ಕೊಲ್ಲುವುದನ್ನು ಒಕ್ಕೂಟದ ಅಪರಾಧವನ್ನಾಗಿ ಮಾಡುವ ಡೈಯರ್ ಮಸೂದೆಗಾಗಿ ಅವರು ಸದಸ್ಯರ ಬಾಗಿಲಿನಿಂದ ಬಾಗಿಲಿಗೆ ಅಲೆದರು. 1922ರ ಜನವರಿಯಲ್ಲಿ ಪ್ರತಿನಿಧಿ ಸಭೆ ಅದನ್ನು ಒಪ್ಪಿತು. ಸೆನೆಟ್ಟಿನಲ್ಲಿ ದಕ್ಷಿಣದವರು ಮುಗಿಯದ ಭಾಷಣಗಳಿಂದ ಅದನ್ನು ಕೊಂದರು. ಅಂಥ ಕಾನೂನು ಬಂದದ್ದು 2022ರಲ್ಲಿ, ಸರಿಯಾಗಿ ನೂರು ವರ್ಷ ತಡವಾಗಿ.

ಕ್ಯಾಲಿಫೋರ್ನಿಯಾದ ಗವರ್ನರ್ ಹೈರಮ್ ಜಾನ್ಸನ್ ಸುಧಾರಕರೆಂದು ಹೆಸರಾದವರು. ಶಾಸನಗಳನ್ನು ಜನರೇ ಸೂಚಿಸುವ, ಅಧಿಕಾರಸ್ಥರನ್ನು ಜನರೇ ಹಿಂದಕ್ಕೆ ಕರೆಸುವ ವ್ಯವಸ್ಥೆ 1911ರಲ್ಲಿ ಅವರ ಆಡಳಿತದಲ್ಲಿ ಬಂತು. ಅದೇ ಗವರ್ನರ್ 1913ರಲ್ಲಿ, ಪೌರರಾಗಲು ಅರ್ಹರಲ್ಲದ ವಿದೇಶಿಯರು ಕೃಷಿಭೂಮಿ ಕೊಳ್ಳಬಾರದು ಎಂಬ ಕಾಯಿದೆಗೆ ಸಹಿ ಹಾಕಿದರು. ಜಪಾನಿ ರೈತರನ್ನು ಗುರಿಯಿಟ್ಟ ಕಾಯಿದೆ ಅದು. 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ವಲಸಿಗರ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲಾರರು ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಕಾಯಿದೆ ಅಲ್ಲಿನ ಪಂಜಾಬಿ ರೈತರ ಕುತ್ತಿಗೆಗೂ ಬಂತು. ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದ ಅದನ್ನು ಕಿತ್ತುಕೊಳ್ಳತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ವೈಷ್ಣೋದಾಸ್ ಬಗಾಯಿ ಹಾಗೆ ಪೌರತ್ವ ಕಳೆದುಕೊಂಡು, ಯಾವ ದೇಶಕ್ಕೂ ಸೇರದವರಾಗಿ, 1928ರಲ್ಲಿ ನೊಂದು ಪ್ರಾಣ ಕಳೆದುಕೊಂಡರು.

ಮೂರನೆಯವರು ವಾಷಿಂಗ್ಟನ್ ರಾಜ್ಯದ ಪತ್ರಿಕಾ ಸಂಪಾದಕ ಆಲ್ಬರ್ಟ್ ಜಾನ್ಸನ್. 1919ರಿಂದ ಪ್ರತಿನಿಧಿ ಸಭೆಯ ವಲಸೆ ಸಮಿತಿಯ ಅಧ್ಯಕ್ಷರಾಗಿದ್ದ ಇವರ ಹೆಸರನ್ನೇ ಹೊತ್ತ ಜಾನ್ಸನ್–ರೀಡ್ ಕಾಯಿದೆ 1924ರ ಮೇ ತಿಂಗಳಿನಲ್ಲಿ ಜಾರಿಗೆ ಬಂತು. 1890ರ ಜನಗಣತಿಯಲ್ಲಿ ಯಾವ ಯಾವ ದೇಶದವರು ಎಷ್ಟಿದ್ದರೋ ಅದರ ಶೇಕಡ 2ರಷ್ಟು ಜನರಿಗೆ ಮಾತ್ರ ವರ್ಷಕ್ಕೆ ಪ್ರವೇಶ ಎಂಬುದು ಅದರ ಲೆಕ್ಕ. ಇಟಲಿ, ಪೋಲೆಂಡ್ ಮುಂತಾದೆಡೆಗಳಿಂದ ಜನ ದೊಡ್ಡ ಸಂಖ್ಯೆಯಲ್ಲಿ ಬರುವುದಕ್ಕೆ ಮುಂಚಿನ ಜನಗಣತಿಯನ್ನು ಬೇಕೆಂದೇ ಆರಿಸಲಾಗಿತ್ತು. ಪೌರರಾಗಲು ಅರ್ಹರಲ್ಲದವರಿಗೆ, ಎಂದರೆ ಏಷ್ಯಾದವರಿಗೆ, ಬಾಗಿಲೇ ಇಲ್ಲ. ಭಾರತಕ್ಕಂತೂ 1917ರ ಕಾಯಿದೆಯೇ ಬಾಗಿಲು ಮುಚ್ಚಿತ್ತು. 1946ರಲ್ಲಿ ಭಾರತೀಯರಿಗೆ ಪೌರತ್ವದ ಅರ್ಹತೆ ಸಿಕ್ಕಿದಾಗಲೂ ವರ್ಷಕ್ಕೆ ನಿಗದಿಯಾದದ್ದು 100 ಜನ ಮಾತ್ರ.

ಈ ಬಾಗಿಲನ್ನು ತೆರೆದವರೂ ಒಬ್ಬ ಜಾನ್ಸನ್ ಆದರು. ಲಿಂಡನ್ ಜಾನ್ಸನ್ ಟೆಕ್ಸಸ್ಸಿನಲ್ಲಿ ಹುಟ್ಟಿದ್ದು 1908ರಲ್ಲಿ, ಆಂಡ್ರ್ಯೂ ಜಾನ್ಸನ್ ಹುಟ್ಟಿ ನೂರು ವರ್ಷಕ್ಕೆ. ಇಬ್ಬರೂ ದಕ್ಷಿಣದವರು, ಇಬ್ಬರೂ ಡೆಮಾಕ್ರಟರು, ಇಬ್ಬರೂ ಕೊಲೆಯಾದ ಅಧ್ಯಕ್ಷರ ಸ್ಥಾನಕ್ಕೆ ಬಂದವರು. ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಕಾಂಗ್ರೆಸ್ಸಿನಲ್ಲಿ ಮೊದಲ ಇಪ್ಪತ್ತು ವರ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಮಸೂದೆಗಳ ವಿರುದ್ಧವೇ ನಿಂತಿದ್ದರು. 1957ರಲ್ಲಿ, ಸೆನೆಟ್ಟಿನ ಬಹುಮತ ಪಕ್ಷದ ನಾಯಕರಾಗಿ, ಒಂದು ದುರ್ಬಲ ಮಸೂದೆಯನ್ನು ದಡ ಮುಟ್ಟಿಸಿದ್ದು ಅವರ ಮೊದಲ ತಿರುವು. ಅಧಿಕಾರ ಕೈಗೆ ಬಂದ ಮೇಲೆ ಅವರು ಹಿಡಿದ ದಾರಿ ಆಂಡ್ರ್ಯೂ ಜಾನ್ಸನ್ನರದಕ್ಕೆ ನೇರ ವಿರುದ್ಧ. ಸಾರ್ವಜನಿಕ ಸ್ಥಳಗಳಲ್ಲೂ ಉದ್ಯೋಗದಲ್ಲೂ ಭೇದವನ್ನು ನಿಷೇಧಿಸುವ ಮಸೂದೆಯನ್ನು ದಕ್ಷಿಣದ ಸೆನೆಟರುಗಳು ವಾರಗಟ್ಟಲೆ ಭಾಷಣ ಮಾಡಿ ತಡೆಹಿಡಿದಾಗ, 1964ರ ಜೂನ್ 10ರಂದು 71ಕ್ಕೆ 29 ಮತಗಳಿಂದ ಚರ್ಚೆಗೆ ತೆರೆ ಬಿದ್ದಿತು. ಜುಲೈ 2ರಂದು ಅವರು ಸಹಿ ಹಾಕಿದರು.

ಮರುವರ್ಷ ಮತದಾನದ ಹಕ್ಕಿನ ಸರದಿ. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಶಾಂತವಾಗಿ ಮೆರವಣಿಗೆ ಹೊರಟವರನ್ನು ಪೊಲೀಸರು ಹೊಡೆದು ಕೆಡವಿದರು. ಮಾರ್ಚ್ 15ರಂದು ಅಧ್ಯಕ್ಷರು ಕಾಂಗ್ರೆಸ್ಸಿನ ಮುಂದೆ ಬಂದು ಮಾತನಾಡಿದರು. ಆ ಭಾಷಣದಲ್ಲಿ ಅವರು ತಾವು ಯುವಕರಾಗಿದ್ದಾಗ ಕೊಟುಲಾ ಎಂಬ ಊರಿನ ಶಾಲೆಯಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದನ್ನು ನೆನೆದರು. ಮಕ್ಕಳು ಬೆಳಗಿನ ಊಟವಿಲ್ಲದೆ ಹಸಿದುಕೊಂಡು ತರಗತಿಗೆ ಬರುತ್ತಿದ್ದರು. ಜನ ತಮ್ಮನ್ನು ಏಕೆ ದ್ವೇಷಿಸುತ್ತಾರೆಂದು ಆ ಎಳೆಯರಿಗೆ ತಿಳಿಯದಿದ್ದರೂ ದ್ವೇಷವಂತೂ ತಿಳಿಯುತ್ತಿತ್ತು. ಅಂದು ತಮಗೆ ತಿಳಿದದ್ದನ್ನು ಅವರಿಗೆ ಕಲಿಸುವುದಷ್ಟೇ ಸಾಧ್ಯವಿತ್ತು, ಈಗ ತಮ್ಮ ಕೈಯಲ್ಲಿ ಅಧಿಕಾರವಿದೆ, ಅದನ್ನು ಬಳಸುತ್ತೇನೆ ಎಂಬುದು ಅವರ ಮಾತಿನ ಸಾರ. ಇಲ್ಲಿಯೂ ವೈಯಕ್ತಿಕ ಕರುಣೆ ಇದೆ. ಆದರೆ ಈ ಕರುಣೆ ದಾನದಲ್ಲಿ ಮುಗಿಯದೆ ಕಾನೂನಿನತ್ತ ನಡೆಯಿತು, ಆ ವರ್ಷದ ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯಿದೆಯಾಯಿತು.

ಆ ಮೆರವಣಿಗೆ ಮತ್ತೆ ಹೊರಡಲು ಅನುಮತಿ ಕೊಟ್ಟವರು ಕೂಡ ಜಾನ್ಸನ್ನರೇ. ಅಲಬಾಮಾದ ಒಕ್ಕೂಟ ನ್ಯಾಯಾಧೀಶ ಫ್ರಾಂಕ್ ಜಾನ್ಸನ್, ಮಾರ್ಚ್ 17ರ ತಮ್ಮ ಆದೇಶದಲ್ಲಿ, ಹೆದ್ದಾರಿಯಲ್ಲಿ ನಡೆದು ಪ್ರತಿಭಟಿಸುವ ಹಕ್ಕಿನ ವಿಸ್ತಾರವು ಪ್ರತಿಭಟಿಸಲಾಗುತ್ತಿರುವ ಅನ್ಯಾಯದ ಗಾತ್ರಕ್ಕೆ ತಕ್ಕಂತಿರಬೇಕು ಎಂದರು. ಮಾಂಟ್‌ಗೊಮರಿಯ ಬಸ್ಸುಗಳಲ್ಲಿ ಬಣ್ಣದ ಆಧಾರದ ವಿಂಗಡಣೆ ಅಸಾಂವಿಧಾನಿಕ ಎಂದು 1956ರಲ್ಲಿ ತೀರ್ಪಿತ್ತ ಪೀಠದಲ್ಲೂ ಅವರಿದ್ದರು. 1967ರಲ್ಲಿ ಅವರ ಮೇಲಿನ ಸಿಟ್ಟಿನಿಂದ ಅವರ ತಾಯಿಯ ಮನೆಗೆ ಬಾಂಬ್ ಹಾಕಲಾಯಿತು. ತಾಯಿ ಬದುಕಿ ಉಳಿದರು. ಮಗ ಪೀಠದಿಂದ ಇಳಿಯಲಿಲ್ಲ.

ಲಿಂಡನ್ ಜಾನ್ಸನ್ನರನ್ನು ನಾನು ದೇವತೆಯಾಗಿಸುತ್ತಿಲ್ಲ. ವಿಯೆಟ್ನಾಮಿನಲ್ಲಿ ಅವರು ಹಿಗ್ಗಿಸಿದ ಯುದ್ಧ ಲೆಕ್ಕವಿಲ್ಲದಷ್ಟು ಜನರನ್ನು ಬಲಿತೆಗೆದುಕೊಂಡಿತು. ಅದರ ಹೊಣೆಯಿಂದ ಅವರಿಗೆ ಬಿಡುಗಡೆಯಿಲ್ಲ. ಆದರೂ 1965ರ ಅಕ್ಟೋಬರ್ 3ರಂದು, ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ, ಅವರು ಹೊಸ ವಲಸೆ ಕಾಯಿದೆಗೆ ಸಹಿ ಹಾಕಿ, ಆಲ್ಬರ್ಟ್ ಜಾನ್ಸನ್ನರ ಕಾಯಿದೆ ಸ್ಥಾಪಿಸಿದ್ದ ಜನಾಂಗಾಧಾರಿತ ಲೆಕ್ಕಾಚಾರವನ್ನು ಕೊನೆಗೊಳಿಸಿದರು. ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ ಎಂದು ಅವರು ಅಂದು ಹೇಳಿದ್ದರು. ಪೂರ್ವಾರ್ಧಗೋಳದ ಯಾವ ದೇಶದಿಂದಲೇ ಆಗಲಿ ವರ್ಷಕ್ಕೆ 20,000 ಜನರವರೆಗೆ, ವಿದ್ಯೆ ಮತ್ತು ಕೌಟುಂಬಿಕ ನಂಟಿನ ಆಧಾರದ ಮೇಲೆ, ಬರಬಹುದಾಯಿತು. ನಮ್ಮ ಮೈಸೂರು ರಾಜ್ಯದ ವೈದ್ಯರೂ ಎಂಜಿನಿಯರರೂ ಆ ದೇಶದಲ್ಲಿ ಸಂಸಾರ ಸಮೇತ ನೆಲೆನಿಲ್ಲತೊಡಗಿದ್ದು, ಅಲ್ಲಿನ ಊರೂರುಗಳಲ್ಲಿ ಕನ್ನಡ ಕೂಟಗಳು ಹುಟ್ಟಿದ್ದು ಈ ಕಾಯಿದೆಯ ನಂತರ. ಅವರ ಮಕ್ಕಳು ಹುಟ್ಟಿನಿಂದಲೇ ಅಮೆರಿಕದ ಪೌರರಾದದ್ದು 14ನೆಯ ತಿದ್ದುಪಡಿಯ ಮೊದಲ ವಾಕ್ಯದಿಂದ.

ಕೊನೆಯದಾಗಿ 1866ರ ಕಾಯಿದೆಯ ಮುಂದಿನ ಗತಿಯನ್ನು ಹೇಳುತ್ತೇನೆ. ನೂರು ವರ್ಷ ಅದು ಹೆಚ್ಚು ಕಡಿಮೆ ಕಪಾಟಿನಲ್ಲೇ ಇತ್ತು. ಲಿಂಡನ್ ಜಾನ್ಸನ್ ಅಧಿಕಾರದಲ್ಲಿದ್ದ ಕೊನೆಯ ಪೂರ್ಣ ವರ್ಷವಾದ 1968ರಲ್ಲಿ, ಸೇಂಟ್ ಲೂಯಿಸ್ ಹತ್ತಿರ ಮನೆ ಕೊಳ್ಳಲು ಹೋದ ಕುಟುಂಬಕ್ಕೆ ಗಂಡ ಕಪ್ಪು ಜನಾಂಗದವನೆಂಬ ಕಾರಣಕ್ಕೆ ಕಟ್ಟಡದ ಕಂಪನಿ ಮನೆ ಮಾರಲು ಒಪ್ಪದ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಖಾಸಗಿ ಮಾರಾಟಗಾರನೂ ಜನಾಂಗದ ಕಾರಣಕ್ಕೆ ಆಸ್ತಿ ಮಾರುವುದಿಲ್ಲ ಎನ್ನುವಂತಿಲ್ಲ, 1866ರ ಕಾಯಿದೆ ಅದನ್ನು ಅಂದೇ ನಿಷೇಧಿಸಿದೆ ಎಂದು ನ್ಯಾಯಾಲಯ ಜೂನ್ 17ರಂದು 7ಕ್ಕೆ 2ರ ಬಹುಮತದಿಂದ ತೀರ್ಪಿತ್ತಿತು. 1987ರಲ್ಲಿ ಅರಬ್ ಮೂಲದವರಿಗೂ ಯಹೂದಿಗಳಿಗೂ ಅದೇ ಕಾಯಿದೆಯ ರಕ್ಷಣೆಯಿದೆ ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಇಂದು ಅಮೆರಿಕದ ಯಾವುದೇ ಊರಿನಲ್ಲಿ ಮನೆ ಕೊಳ್ಳಲು ಹೋದ ಕನ್ನಡಿಗನಿಗೆ ಮೈಬಣ್ಣದ ಕಾರಣದಿಂದ ಮನೆ ಇಲ್ಲವೆಂದರೆ, ಆತ ನ್ಯಾಯಾಲಯದ ಮುಂದಿಡಬಹುದಾದ ಕಾನೂನುಗಳಲ್ಲಿ ಎಲ್ಲಕ್ಕಿಂತ ಹಳೆಯದು ಆಂಡ್ರ್ಯೂ ಜಾನ್ಸನ್ ಸಹಿ ಹಾಕದೆ ಹಿಂದಿರುಗಿಸಿದ ಆ ಕಾಯಿದೆಯೇ.